ಪೈಪು ತಿರುಗುವಾಗ ಕಲಿತ ಪಾಠ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ನೀವು ಮಾಡುವ ಕೆಲಸದ ಬಗ್ಗೆಯೇ ಸ್ವಲ್ಪ ಹೊತ್ತು ಮಾತಾಡಿ, ಮಕ್ಕಳಿಗೆ ಉಪಯೋಗವಾಗುತ್ತದೆ" ಎಂದರು. ನಾನು ಮಾಡುವುದು ಸಿಮೆಂಟ್ ಪೈಪು. "ಪೈಪಿನ ಬಗ್ಗೆ ಮಾತಾಡೋದಕ್ಕೆ ಏನಿದೆ ಸಾರ್?" ಎಂದೆ. ಫೋನ್ ಇಟ್ಟ ಮೇಲೆ ಯೋಚನೆ ಮಾಡಿದೆ. ನನ್ನ ಕೆಲಸದಲ್ಲಿ ನನಗೆ ಉಪಯೋಗಕ್ಕೆ ಬಂದ ಎರಡು ದೊಡ್ಡ ಪಾಠಗಳನ್ನು ನಾನು ಕಲಿತದ್ದು ಈ ಶಾಲೆಯ ಅಂಗಳದಲ್ಲಿ. ಒಂದನ್ನು ನೆನಪಿಟ್ಟುಕೊಂಡೆ, ಅನ್ನ ತಿಂದೆ. ಇನ್ನೊಂದನ್ನು ಮರೆತೆ. ಅದರ ಬೆಲೆಯನ್ನು ಬೇರೆಯವರು ಕೊಟ್ಟರು. ಅದನ್ನೇ ಹೇಳುತ್ತೇನೆ ಅಂತ ಒಪ್ಪಿಕೊಂಡೆ.

ಹಿರಿಯರಿಗೆ ನೆನಪಿರಬಹುದು, ನಾವು ಓದುವಾಗ ಊರಿಗೂ ಶಾಲೆಗೂ ನಡುವಿನ ಹಳ್ಳಕ್ಕೆ ಮೋರಿ ಇರಲಿಲ್ಲ. ಮುಂಗಾರಿನಲ್ಲಿ ಹಳ್ಳ ತುಂಬಿತು ಅಂದರೆ ಶಾಲೆಗೆ ರಜೆ. ನಮಗೆ ಖುಷಿ, ಅವ್ವಂದಿರಿಗೆ ಜೀವ ಕೈಯಲ್ಲಿ. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಒಂದು ದಿನ ಲಾರಿಯಲ್ಲಿ ದೊಡ್ಡ ದೊಡ್ಡ ಸಿಮೆಂಟ್ ಪೈಪು ಬಂದವು. ಅವುಗಳನ್ನು ಹಳ್ಳದ ದಂಡೆಯಲ್ಲಿ ಇಳಿಸಿ ಹೋದವರು ಎರಡು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಅಷ್ಟೂ ದಿನ ಆ ಪೈಪುಗಳು ನಮ್ಮ ಮನೆ. ಅದರೊಳಗೆ ಕೂತು ಹುಣಸೆಹಣ್ಣು ತಿಂದೆವು, ಕೂಗಿ ಪ್ರತಿಧ್ವನಿ ಕೇಳಿದೆವು. ಪೈಪಿನ ಮೈಮೇಲೆ ಕಪ್ಪು ಬಣ್ಣದಲ್ಲಿ 'ಎನ್‌ಪಿ 3' ಅಂತ ಬರೆದಿತ್ತು. ಅದೇನು ಅಂತ ಯಾರಿಗೂ ಗೊತ್ತಿರಲಿಲ್ಲ. ಇಷ್ಟು ದುಂಡಗೆ, ಒಳಗೆ ಇಷ್ಟು ನುಣ್ಣಗೆ ಕಲ್ಲಿನಂಥ ವಸ್ತುವನ್ನು ಹೇಗೆ ಮಾಡಿದರು ಅಂತ ನನಗೆ ಅವತ್ತೇ ಆಶ್ಚರ್ಯವಾಗಿತ್ತು.

ಮರುವರ್ಷ ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಡುಮ್ಕಿ ಹೊಡೆದೆ. ಅಪ್ಪ ಏನೂ ಬಯ್ಯಲಿಲ್ಲ. ಹರಿಹರದ ಕಡೆ ಪೈಪಿನ ಕಾರ್ಖಾನೆಯೊಂದರಲ್ಲಿ ಪರಿಚಯದವರು ಇದ್ದಾರೆ ಅಂತ ಬಸ್ಸು ಹತ್ತಿಸಿದ. ಸಲಿಕೆ ಹಿಡಿಯುವ ಕೂಲಿಯಾಗಿ ಸೇರಿದೆ.

ಹೋದ ಮೊದಲ ದಿನವೇ ನನ್ನ ಆಶ್ಚರ್ಯಕ್ಕೆ ಉತ್ತರ ಸಿಕ್ಕಿತು. ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಸಲ ಬಾವಿಯಿಂದ ಅರ್ಧ ಬಕೆಟ್ ನೀರು ತರಿಸಿ, ಹಗ್ಗ ಕಟ್ಟಿ, ಅಂಗಳದಲ್ಲಿ ನಿಂತು ತಲೆಯ ಮೇಲಿಂದ ಗರಗರ ತಿರುಗಿಸಿದ್ದರು. ಬಕೆಟ್ ತಲೆಕೆಳಗಾದರೂ ಒಂದು ಹನಿ ಚೆಲ್ಲಲಿಲ್ಲ. "ನಿಧಾನ ಮಾಡಿದರೆ ನನ್ನ ತಲೆ ಮೇಲೇ ಸ್ನಾನ" ಅಂದಿದ್ದರು. ಕಾರ್ಖಾನೆಯಲ್ಲಿ ನಾನು ಕಂಡದ್ದು ಅದೇ ಬಕೆಟ್. ನೀರಿನ ಬದಲು ಕಾಂಕ್ರೀಟು, ಹಗ್ಗದ ಬದಲು ಕಬ್ಬಿಣದ ಅಚ್ಚು.

ಈಗ ಕೆಲಸ ಹೇಳುತ್ತೇನೆ. ಮೊದಲು ಸರಳು. ತೆಳು ಕಬ್ಬಿಣದ ತಂತಿಯನ್ನು ಸುರುಳಿಯಾಗಿ ಸುತ್ತಿ, ಉದ್ದದ ತಂತಿಗಳಿಗೆ ಬೆಸೆದು ಪಂಜರ ಮಾಡುತ್ತೇವೆ. ಅದಕ್ಕೆ ನಮ್ಮಲ್ಲಿ 'ಕೇಜ್' ಅಂತಲೇ ಹೆಸರು. ಎರಡು ಹೋಳಿನ ಉಕ್ಕಿನ ಅಚ್ಚಿನ ಒಳಮೈಗೆ ಎಣ್ಣೆ ಸವರಿ, ಪಂಜರ ಒಳಗಿಟ್ಟು, ಬೋಲ್ಟ್ ಬಿಗಿದು ಮುಚ್ಚುತ್ತೇವೆ. ಎರಡೂ ತುದಿಗೆ ಬಳೆಯಂಥ ಉಕ್ಕಿನ ಉಂಗುರ ಇರುತ್ತದೆ. ಆ ಬಳೆಗಳು ಯಂತ್ರದ ರೋಲರ್ ಗಾಲಿಗಳ ಮೇಲೆ ಕೂರುತ್ತವೆ. ಮೋಟಾರು ಗಾಲಿಯನ್ನು ತಿರುಗಿಸಿದರೆ, ಬರೀ ಉಜ್ಜುವಿಕೆಯಿಂದ ಅಚ್ಚೂ ತಿರುಗುತ್ತದೆ. ಅಚ್ಚಿಗೂ ಯಂತ್ರಕ್ಕೂ ಬೇರೆ ಯಾವ ಕೊಂಡಿಯೂ ಇಲ್ಲ.

ಅಚ್ಚು ನಿಧಾನವಾಗಿ ತಿರುಗುತ್ತಿರುವಾಗ ಎರಡೂ ಬಾಯಿಂದ ಕಾಂಕ್ರೀಟು ಹಾಕುತ್ತಾ ಹೋಗಬೇಕು. ನಮ್ಮ ಕಾಲದಲ್ಲಿ ಉದ್ದ ಹಿಡಿಯ ಸಲಿಕೆ. ಈಗ ದೊಡ್ಡ ಪೈಪಿಗೆ ಬೆಲ್ಟ್ ಅಚ್ಚಿನೊಳಗೇ ಹೋಗಿ ಸುರಿದು ಬರುತ್ತದೆ. ಮಕ್ಕಳೇ, ಇದರ ಲೆಕ್ಕ ನೀವೂ ಮಾಡಬಹುದು. ತಿರುಗುವ ವಸ್ತುವಿನ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದರೆ ಬರುವ ಸಂಖ್ಯೆ, ಗುರುತ್ವದ 9.8ಕ್ಕಿಂತ ಹೆಚ್ಚಿರಬೇಕು. ತ್ರಿಜ್ಯ 30 ಸೆಂಟಿಮೀಟರ್ ಇದ್ದರೆ, ಲೆಕ್ಕಕ್ಕೆ ನಿಮಿಷಕ್ಕೆ ಸುಮಾರು 55 ಸುತ್ತು ಬೇಕು. ಅದಕ್ಕಿಂತ ಕಡಿಮೆಯಾದರೆ ಮೇಲೆ ಹತ್ತಿದ ಕಾಂಕ್ರೀಟು ಕಳಚಿ ಕೆಳಗೆ ಬೀಳುತ್ತದೆ. ಮೇಷ್ಟ್ರ ತಲೆ ಮೇಲಿನ ಸ್ನಾನ ಅಂದರೆ ಅದೇ. ತುಂಬಿ ಆದ ಮೇಲೆ ವೇಗ ಏರಿಸುತ್ತೇವೆ. ನಿಮಿಷಕ್ಕೆ 300 ಸುತ್ತು ಮುಟ್ಟಿದಾಗ ಅದೇ ತ್ರಿಜ್ಯದಲ್ಲಿ ಒಂದು ಕಿಲೋ ಕಾಂಕ್ರೀಟು, ಸುಮಾರು 30 ಕಿಲೋ ಭಾರ ಇಟ್ಟಷ್ಟು ಜೋರಾಗಿ ಅಚ್ಚಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಜಲ್ಲಿ, ಮರಳು ಒತ್ತಿ ಒತ್ತಿ ಕೂರುತ್ತವೆ. ನಡುವಿನ ಗಾಳಿ, ಹೆಚ್ಚಿನ ನೀರು ಒಳಕ್ಕೆ ಚಿಮ್ಮುತ್ತದೆ. ಆ ಸಿಮೆಂಟ್ ಹಾಲನ್ನು ಹೊರಗೆ ತೆಗೆದು, ಒಳಮೈಗೆ ಕಬ್ಬಿಣದ ಸಲಾಕೆ ಆನಿಸಿ ನುಣುಪು ಮಾಡುತ್ತೇವೆ. ನಾವು ಹುಡುಗರಾಗಿದ್ದಾಗ ಬೆನ್ನು ಆನಿಸಿ ಕೂರುತ್ತಿದ್ದ ನುಣುಪು ಅದೇ.

ಈ ಉಪಾಯ ಕಂಡುಹಿಡಿದವರು ಆಸ್ಟ್ರೇಲಿಯಾದ ವಾಲ್ಟರ್ ಹ್ಯೂಮ್. 1910ರಲ್ಲಿ. ಅವರ ಹೆಸರಿನಿಂದಲೇ ಇವತ್ತಿಗೂ ನಾವು ಹ್ಯೂಮ್ ಪೈಪ್ ಅನ್ನುತ್ತೇವೆ. 1926ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮುಂಬಯಿಯಲ್ಲಿ ಇದಕ್ಕಾಗಿಯೇ ಕಂಪನಿ ಕಟ್ಟಿದರು. ಅಲ್ಲಿಂದ ಮುಂದೆ ನಮ್ಮ ದೇಶದಲ್ಲಿ ಈ ಪೈಪು ಊರೂರಿಗೆ ಹೋಯಿತು. ನಮ್ಮ ಕಡೆ ಬಹಳ ಜನ 'ಹ್ಯೂಮ್' ಅಂದರೆ ಪೈಪಿನ ಜಾತಿ ಅಂದುಕೊಂಡಿದ್ದಾರೆ. ಅದೊಬ್ಬ ಮನುಷ್ಯನ ಹೆಸರು ಅಂತ ನನಗೇ ಹತ್ತು ವರ್ಷ ಗೊತ್ತಿರಲಿಲ್ಲ.

ತಿರುಗುವ ಯಂತ್ರವನ್ನು ನೋಡಲು ಜನ ನಿಲ್ಲುತ್ತಾರೆ. ಆದರೆ ಪೈಪಿನ ಹಣೆಬರಹ ಬರೆಯುವುದು ಅದಲ್ಲ, ಅದರ ಹಿಂದೆ ಇರುವ ಮಿಕ್ಸರ್. ಮನೆ ಕಟ್ಟುವಲ್ಲಿ ನೀವು ನೋಡುವ ಡ್ರಮ್ ಮಿಕ್ಸರಿನಲ್ಲಿ ಸಡಿಲ ಕಾಂಕ್ರೀಟು ಚೆನ್ನಾಗಿ ಕಲೆಯುತ್ತದೆ. ಪೈಪಿಗೆ ಬೇಕಾದದ್ದು ಗಟ್ಟಿ ಕಾಂಕ್ರೀಟು. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ನಿಲ್ಲಬೇಕು, ಕೈಗೆ ನೀರು ಇಳಿಯಬಾರದು. ಅಂಥದ್ದನ್ನು ಡ್ರಮ್ಮಿಗೆ ಹಾಕಿದರೆ ಗೋಡೆಗೆ ಅಂಟಿ ಉಂಡೆ ಉಂಡೆಯಾಗುತ್ತದೆ. ಅದಕ್ಕೇ ನಮ್ಮಲ್ಲಿ ಅಗಲವಾದ ಬಾಣಲೆಯಂಥ ಮಿಕ್ಸರು. ಅದರೊಳಗೆ ಉಕ್ಕಿನ ಅಲಗುಗಳು ಸುತ್ತುತ್ತಾ ರೊಟ್ಟಿ ಹಿಟ್ಟು ನಾದಿದ ಹಾಗೆ ನಾದುತ್ತವೆ. ಈ ಅಲಗಿನ ಮಾತು ಮುಂದೆ ಬರುತ್ತದೆ, ನೆನಪಿಡಿ.

ಸಿಮೆಂಟ್ ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ರಾಸಾಯನಿಕವಾಗಿ ಸೇರಿ. ಹಾಗೆ ಸೇರಲು ಸಿಮೆಂಟಿನ ತೂಕದ ಸುಮಾರು ನಾಲ್ಕನೇ ಒಂದು ಭಾಗ ನೀರು ಸಾಕು. 50 ಕಿಲೋ ಚೀಲಕ್ಕೆ ಹನ್ನೆರಡು ಲೀಟರಿನ ಆಸುಪಾಸು. ಆದರೆ ಅಷ್ಟರಲ್ಲಿ ಕಲಸಲು, ತುಂಬಲು ಆಗುವುದಿಲ್ಲ. ಅದಕ್ಕೆ ಸ್ವಲ್ಪ ಹೆಚ್ಚು ಹಾಕುತ್ತೇವೆ. ಆ ಹೆಚ್ಚಿನ ನೀರು ಮುಂದೆ ಆರಿ ಹೋದಾಗ ಅದಿದ್ದ ಜಾಗ ತೂತಾಗಿ ಉಳಿಯುತ್ತದೆ. ಕಾಂಕ್ರೀಟಿನ ಬಲ ಸಿಮೆಂಟಿಗೂ ನೀರಿಗೂ ಇರುವ ಪ್ರಮಾಣದ ಮೇಲೆ ನಿಂತಿದೆ ಅಂತ ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲೇ ಪ್ರಯೋಗ ಮಾಡಿ ತೋರಿಸಿದರು. ನನಗೆ ಅದನ್ನು ತೋರಿಸಿಕೊಟ್ಟವರು ನಮ್ಮ ಮಿಸ್ತ್ರಿ. ಅವರ ಶಾಲೆ ನಾಲ್ಕನೇ ಕ್ಲಾಸಿಗೆ ನಿಂತಿತ್ತು.

ಆಗಿದ್ದು ಹೀಗೆ. ನನ್ನನ್ನು ಸಲಿಕೆಯಿಂದ ಮಿಕ್ಸರಿಗೆ ಬಡ್ತಿ ಕೊಟ್ಟು ಒಂದು ತಿಂಗಳಾಗಿತ್ತು. ಗಟ್ಟಿ ಕಾಂಕ್ರೀಟು ಎತ್ತಿ ಹಾಕುವವರಿಗೆ ರಟ್ಟೆ ಬೀಳುತ್ತದೆ. "ಏನೋ ತಮ್ಮ, ಒಂದು ಡಬ್ಬಿ ನೀರು ಜಾಸ್ತಿ ಹಾಕಿದ್ರೆ ನಿಮ್ಮಪ್ಪನ ಗಂಟು ಹೋಗ್ತದಾ?" ಅಂತ ಅವರು ಅಂದರು. ಹಾಕಿದೆ. ಕೆಲಸ ಸರಾಗವಾಯಿತು. ಅವತ್ತಿನ ಪೈಪುಗಳ ಒಳಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನಗೆ ಹೆಮ್ಮೆ. ಮೂರನೆಯ ದಿನ ಮಿಸ್ತ್ರಿ ನನ್ನನ್ನು ಕರೆದು, ಒಂದು ಪೈಪಿನ ಅಂಚಿಗೆ ಸುತ್ತಿಗೆ ಕೊಟ್ಟರು. ಕಡಿದ ಜಾಗದಲ್ಲಿ ಬೆರಳಿಟ್ಟು ತೋರಿಸಿದರು. ಹೊರಗಡೆ ಬರೀ ಜಲ್ಲಿ. ಒಳಗಡೆ ಬೆರಳು ದಪ್ಪ ಬರೀ ಸಿಮೆಂಟಿನ ರಾಡಿ. ಅದರಲ್ಲಿ ಕೂದಲೆಳೆಯಂಥ ಬಿರುಕು. ಕಾಂಕ್ರೀಟು ಸಡಿಲವಾಗಿದ್ದರಿಂದ ತಿರುಗುವಾಗ ಭಾರದ ಕಲ್ಲೆಲ್ಲ ಹೊರಗೆ ಓಡಿ, ನೀರುನೀರಾದದ್ದು ಒಳಗೆ ಉಳಿದಿತ್ತು.

"ನೀನು ಹೊಳಪು ಅಂದ್ಕೊಂಡಿದ್ದೀಯಲ್ಲ, ಅದು ಪೈಪಲ್ಲ ತಮ್ಮಾ, ಕೆನೆ" ಎಂದರು. ಅವತ್ತಿನ ಹನ್ನೊಂದು ಪೈಪನ್ನೂ ನನ್ನ ಕೈಯಲ್ಲೇ ಒಡೆಸಿದರು. ಮಾಲೀಕರಿಗೆ ತಪ್ಪು ತಮ್ಮದೇ ಅಂತ ಹೇಳಿದರು. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ. ಒಡೆಯುವಾಗ ಬಂದ ಸದ್ದು ಮಾತ್ರ ಮರೆತಿಲ್ಲ.

ಅಂದಿನಿಂದ ನೀರಿಗೆ ಅಳತೆ ಡಬ್ಬಿ. ಮರಳು ಮಳೆಯಲ್ಲಿ ನೆನೆದಿದ್ದರೆ ಆ ಮರಳೇ ನೀರು ತಂದಿರುತ್ತದೆ, ಅಷ್ಟನ್ನು ಡಬ್ಬಿಯಿಂದ ಕಳೆಯಬೇಕು. ಈ ಕೂಡುವ ಕಳೆಯುವ ಲೆಕ್ಕದಲ್ಲೇ ನನಗೆ ಗಣಿತದ ಭಯ ಹೋಯಿತು. ಟೊಳ್ಳು ಸಿಲಿಂಡರಿನ ಘನಫಲ ಕಾಣದೆ ಫೇಲಾದವನು ನಾನು. ಈಗ ದಿನಾ ಟೊಳ್ಳು ಸಿಲಿಂಡರಿನ ಜೊತೆ ಬಾಳುತ್ತಿದ್ದೆ. ಒಳವ್ಯಾಸ 600 ಮಿಲಿಮೀಟರ್, ಗೋಡೆ 85 ಮಿಲಿಮೀಟರ್, ಉದ್ದ ಎರಡೂವರೆ ಮೀಟರ್ ಇರುವ ಒಂದು ಪೈಪಿಗೆ ಸುಮಾರು 0.46 ಘನ ಮೀಟರ್ ಕಾಂಕ್ರೀಟು ಬೇಕು. ಘನ ಮೀಟರಿಗೆ 2400 ಕಿಲೋ ಹಿಡಿದರೆ ಒಂದು ಪೈಪು 1100 ಕಿಲೋ. ಹನ್ನೊಂದು ಕ್ವಿಂಟಲ್! ಮರುವರ್ಷ ಮತ್ತೆ ಪರೀಕ್ಷೆ ಕಟ್ಟಿದೆ. ಗಣಿತ ಪಾಸಾಯಿತು.

ಅಚ್ಚಿನಿಂದ ಬಿಚ್ಚಿದ ಪೈಪು ಕೂಸಿದ್ದ ಹಾಗೆ. ಮಾರನೆಯ ದಿನ ಬಿಚ್ಚಿದರೂ ಅದು ಇನ್ನೂ ನೀರು ಕುಡಿಯುತ್ತಲೇ ಇರಬೇಕು. ನಮ್ಮಲ್ಲಿ ಎರಡು ವಾರ ತೊಟ್ಟಿಯಲ್ಲಿ ಮುಳುಗಿಸಿಡುತ್ತೇವೆ. ಕಲಸುವಾಗ ಹೆಚ್ಚು ನೀರು ಕೊಟ್ಟರೆ ವಿಷ, ಗಟ್ಟಿಯಾಗುವಾಗ ನೀರು ಕೊಡದಿದ್ದರೆ ಬರಗಾಲ. ಆಮೇಲೆ ಪರೀಕ್ಷೆ. ಭಾರತೀಯ ಮಾನಕ 458 ಅಂತ ಒಂದು ನಿಯಮಾವಳಿ ಇದೆ. ಅದರಲ್ಲಿ ಪೈಪುಗಳಿಗೆ ದರ್ಜೆ ಇದೆ. 'ಎನ್‌ಪಿ' ಅಂದರೆ ಒಳಗೆ ಒತ್ತಡವಿಲ್ಲದೆ ನೀರು ಹರಿಯುವ ಪೈಪು. ಎನ್‌ಪಿ 2 ಹಗುರ ಓಡಾಟದ ದಾರಿಗೆ, ಎನ್‌ಪಿ 3 ಮಧ್ಯಮ ಓಡಾಟಕ್ಕೆ, ಎನ್‌ಪಿ 4 ಭಾರಿ ವಾಹನಗಳ ರಸ್ತೆಗೆ. ನಮ್ಮ ಹಳ್ಳದ ದಂಡೆಯ ಒಗಟು ನನಗೆ ಬಿಡಿಸಿದ್ದು ಹೀಗೆ. ಪೈಪಿನ ಎರಡೂ ಬಾಯಿ ಮುಚ್ಚಿ ಒಳಗೆ ನೀರು ತುಂಬಿ, ಏಳು ಮೀಟರ್ ಎತ್ತರದ ನೀರಿನಷ್ಟು ಒತ್ತಡ ಕೊಡುತ್ತೇವೆ. ಸೋರಬಾರದು. ಇನ್ನೊಂದು ಪರೀಕ್ಷೆಯಲ್ಲಿ ಪೈಪನ್ನು ಮಲಗಿಸಿ ಮೇಲಿಂದ ಭಾರ ಹೇರುತ್ತಾ, ಕಾಲು ಮಿಲಿಮೀಟರ್ ಅಗಲದ ಬಿರುಕು ಎಷ್ಟು ಭಾರಕ್ಕೆ ಬರುತ್ತದೆ ಅಂತ ನೋಡುತ್ತೇವೆ. ಇಲ್ಲಿ ಗುತ್ತಿಗೆದಾರರು ಯಾರಾದರೂ ಇದ್ದರೆ ತಪ್ಪು ತಿಳಿಯಬೇಡಿ. ಊರಿಗೆ ಪೈಪು ಬಂದಾಗ ಅದರ ಮೈಮೇಲೆ ದರ್ಜೆ, ತಯಾರಾದ ತಾರೀಖು ಬರೆದಿದೆಯಾ ಅಂತ ಪಂಚಾಯಿತಿಯವರು ಒಮ್ಮೆ ನೋಡಿ. ಅಷ್ಟು ನೋಡಲು ಎಂಜಿನಿಯರ್ ಆಗಬೇಕಿಲ್ಲ.

ಯಂತ್ರಗಳು ಈಗ ಬಹಳ ಮುಂದೆ ಹೋಗಿವೆ. ಅಚ್ಚನ್ನು ನೆಟ್ಟಗೆ ನಿಲ್ಲಿಸಿ, ಅದುರಿಸಿ ಅದುರಿಸಿ ಗಟ್ಟಿ ಕಾಂಕ್ರೀಟು ತುಂಬಿ, ಕೂಡಲೇ ಅಚ್ಚು ಮೇಲೆತ್ತುವ ಯಂತ್ರಗಳಿವೆ. ನಿಂತ ಅಚ್ಚಿನೊಳಗೆ ಒಂದು ತಲೆ ಗರಗರ ತಿರುಗುತ್ತಾ ಮೇಲೇರಿ, ಕಾಂಕ್ರೀಟನ್ನು ಗೋಡೆಗೆ ಮೆತ್ತುತ್ತಾ ಬರುವ 'ಪ್ಯಾಕರ್ ಹೆಡ್' ಇದೆ. ಜಲ್ಲಿ, ಮರಳು, ಸಿಮೆಂಟು, ನೀರು ಎಲ್ಲವನ್ನೂ ಕಂಪ್ಯೂಟರ್ ತೂಗಿ ಮಿಕ್ಸರಿಗೆ ಬಿಡುತ್ತದೆ. ನಮ್ಮದು ಸಣ್ಣ ಘಟಕ. ಇನ್ನೂ ತಿರುಗಿಸಿಯೇ ಮಾಡುತ್ತೇವೆ. ಮೋಟಾರಿನ ವೇಗ ಏರಿಸಿ ಇಳಿಸಲು ಮಾತ್ರ ಹೊಸ ಡ್ರೈವ್ ಹಾಕಿಸಿದ್ದೇವೆ. ಆದರೂ ಮಕ್ಕಳೇ, ಯಾವ ಕಂಪ್ಯೂಟರ್ ಆದರೂ ನಾವು ಕೊಟ್ಟ ಸಂಖ್ಯೆಯನ್ನೇ ತೂಗುತ್ತದೆ. ಸುಳ್ಳು ಸಂಖ್ಯೆ ಕೊಟ್ಟರೆ ಸುಳ್ಳನ್ನೇ ಅಚ್ಚುಕಟ್ಟಾಗಿ ತೂಗಿ ಕೊಡುತ್ತದೆ.

ಇನ್ನು ಎರಡನೆಯ ಪಾಠ. ನಾನು ಮರೆತ ಪಾಠ.

ಅದೇ ವಿಜ್ಞಾನದ ಮೇಷ್ಟ್ರು ಒಂದು ದಿನ ಕಬ್ಬಿಣದ ಮೊಳೆಗೆ ತಾಮ್ರದ ತಂತಿ ಸುತ್ತಿ, ಎರಡು ಟಾರ್ಚ್ ಸೆಲ್ಲಿಗೆ ಜೋಡಿಸಿ ಗುಂಡುಪಿನ್ನುಗಳನ್ನು ಎತ್ತಿ ತೋರಿಸಿದ್ದರು. ತಂತಿ ಬಿಡಿಸಿದ ಕೂಡಲೇ ಪಿನ್ನೆಲ್ಲ ಉದುರಿದವು. "ಕರೆಂಟ್ ಇದ್ದರೆ ಹಿಡೀತದೆ, ಇಲ್ಲದಿದ್ದರೆ ಬಿಡ್ತದೆ. ಬಿಡೋದೇ ಇದರ ಗುಣ, ಬರೆದುಕೊಳ್ಳಿ" ಅಂದರು. ಬರೆದುಕೊಂಡೆ. ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬಂದಿತ್ತು, ಎರಡಕ್ಕೆ ಎರಡು ತೆಗೆದೆ.

ಮಿಕ್ಸರಿನ ಮೋಟಾರಿಗೆ ಒಂದು ಹಳೆಯ ಸ್ಟಾರ್ಟರ್ ಇತ್ತು. ಹಿಡಿಯನ್ನು ಎಳೆದು ನಿಲ್ಲಿಸಿದರೆ ಅದನ್ನು ಒಳಗಿನ ಒಂದು ಸುರುಳಿ ಹಿಡಿದುಕೊಳ್ಳುತ್ತದೆ. ನಮ್ಮ ಪಂಪ್‌ಸೆಟ್ಟಿನವರಿಗೆಲ್ಲ ಗೊತ್ತು, ನೋ-ವೋಲ್ಟ್ ಕಾಯಿಲ್. ಕರೆಂಟ್ ಹೋದರೆ ಸುರುಳಿ ಹಿಡಿಯನ್ನು ಬಿಡುತ್ತದೆ, ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಮತ್ತೆ ಕರೆಂಟ್ ಬಂದರೂ ಯಾರಾದರೂ ಬಂದು ಹಿಡಿ ಎಳೆಯುವವರೆಗೆ ಮೋಟಾರು ತಿರುಗುವುದಿಲ್ಲ. ಮೇಷ್ಟ್ರ ಮೊಳೆ ಮತ್ತು ಗುಂಡುಪಿನ್ನು ಅಷ್ಟೇ.

ಸಂಜೆ ಹೊತ್ತು ವೋಲ್ಟೇಜ್ ಇಳಿಯುತ್ತಿತ್ತು. ಸುರುಳಿ ಪದೇ ಪದೇ ಕೈಬಿಡುತ್ತಿತ್ತು. ಅರ್ಧ ಕಲಸಿದ್ದು ನಿಲ್ಲುತ್ತಿತ್ತು, ನಾನು ಓಡಿ ಓಡಿ ಹಿಡಿ ಎಳೆಯಬೇಕು. ಒಂದು ದಿನ ಬೇಸತ್ತು, ಪಂಜರ ಕಟ್ಟುವ ಬೈಂಡಿಂಗ್ ತಂತಿಯಿಂದ ಆ ಹಿಡಿಯನ್ನು ಗಟ್ಟಿಯಾಗಿ ಕಟ್ಟಿಬಿಟ್ಟೆ. ಎಲ್ಲರೂ 'ಭಲೇ ಬುದ್ಧಿವಂತ' ಅಂದರು. ಮಿಸ್ತ್ರಿ ಆ ವಾರ ರಜೆಯಲ್ಲಿದ್ದರು.

ನಾಲ್ಕನೆಯ ದಿನ ಸಂಜೆ ಏಳರ ಹೊತ್ತಿಗೆ ಕರೆಂಟ್ ಹೋಯಿತು. ಮಿಕ್ಸರಿನ ತುಂಬ ಕಲಸಿದ ಕಾಂಕ್ರೀಟು. ಬಿಟ್ಟರೆ ಅಲಗಿನ ಸಮೇತ ಕಲ್ಲಾಗುತ್ತದೆ. ನನ್ನ ಜೊತೆ ಒಬ್ಬ ಹುಡುಗ ಇದ್ದ. ಇದೇ ಶಾಲೆ, ನನಗಿಂತ ಒಂದು ಕ್ಲಾಸು ಕೆಳಗೆ, ಪಕ್ಕದ ಊರು. ನಾನೇ ಕೆಲಸಕ್ಕೆ ಸೇರಿಸಿದ್ದೆ. "ಅಣ್ಣ, ನಾನು ಖಾಲಿ ಮಾಡ್ತೀನಿ, ನೀನು ಲಾಟೀನು ಹಿಡಿ" ಅಂದ. ಬಾಣಲೆಯ ಅಂಚಿಗೆ ಹೊಟ್ಟೆ ಆನಿಸಿ ಒಳಗೆ ಬಗ್ಗಿ, ಅಲಗಿಗೆ ಅಂಟಿದ್ದನ್ನು ಕೈಯಲ್ಲೇ ಬಿಡಿಸುತ್ತಿದ್ದ. ಮೇನ್ ಸ್ವಿಚ್ ತೆಗೆಯಬೇಕು ಅಂತ ನನಗೆ ಹೊಳೆಯಲಿಲ್ಲ. ಕರೆಂಟೇ ಇಲ್ಲ, ಸ್ವಿಚ್ ಯಾಕೆ ತೆಗೆಯಬೇಕು?

ಕರೆಂಟ್ ಬಂತು. ದೀಪ ಹತ್ತಿದ ಕ್ಷಣವೇ ಅಲಗೂ ತಿರುಗಿತು.

ನಾನು ಹಿಡಿಯ ಹತ್ತಿರ ಓಡಿದೆ. ಅದನ್ನು ಕಟ್ಟಿದವನು ನಾನು. ಬಿಚ್ಚಲು ಆಗಲಿಲ್ಲ. ತಂತಿಯನ್ನು ಅಷ್ಟು ಚೆನ್ನಾಗಿ ಕಟ್ಟಿದ್ದೆ. ಅಲ್ಲಿಂದ ಮೇನ್ ಸ್ವಿಚ್ಚಿಗೆ ಓಡಿದೆ. ಎಷ್ಟು ಸೆಕೆಂಡು ಆಯಿತು ಅಂತ ಯಾರೂ ಎಣಿಸಲಿಲ್ಲ. ಅವನ ಬಲಗೈಯ ಮೂರು ಬೆರಳು ಹೋದವು.

ಅವನು ಇವತ್ತು ಈ ಸಭೆಯಲ್ಲಿದ್ದಾನೆ. ಅವನನ್ನು ಕೇಳಿ, ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. "ಹೇಳಣ್ಣ, ಹುಡುಗರಿಗೆ ಗೊತ್ತಾಗಲಿ. ಆದರೆ ನನ್ನನ್ನು ಎದ್ದು ನಿಲ್ಲಿಸಬೇಡ" ಎಂದ. ಅದಕ್ಕೇ ಹೆಸರು ಹೇಳುವುದಿಲ್ಲ.

ಆಸ್ಪತ್ರೆಯ ಖರ್ಚು ಕೊಟ್ಟು ಮಾಲೀಕರು ಕೈ ತೊಳೆದುಕೊಂಡರು. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡಬೇಕು ಅನ್ನುವ ಕಾಯ್ದೆ ನಮ್ಮ ದೇಶದಲ್ಲಿ 1923ರಷ್ಟು ಹಿಂದೆಯೇ ಬಂದಿತ್ತು. ತಿರುಗುವ ಯಂತ್ರಕ್ಕೆ ರಕ್ಷಣೆಯ ತಡೆ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ನಮಗೆ ಎರಡೂ ಗೊತ್ತಿರಲಿಲ್ಲ. ಕೇಳಲಿಲ್ಲ, ಅವರು ಕೊಡಲಿಲ್ಲ. ಆದರೆ ಮಾಲೀಕರ ಕಡೆ ಬೆರಳು ತೋರಿಸಿ ನಾನು ತಪ್ಪಿಸಿಕೊಳ್ಳಲಾರೆ. ತಂತಿ ಕಟ್ಟಿದ ಕೈ ನನ್ನದು. ಅವನ ಅವ್ವನ ಮುಂದೆ ಹೋಗಿ ನಿಂತೆ. ಆಕೆ ಏನೂ ಅನ್ನಲಿಲ್ಲ. ಒಳಗೆ ಹೋಗಿ ಒಂದು ಲೋಟ ನೀರು ತಂದು ಕೊಟ್ಟಳು. ಆ ನೀರು ಗಂಟಲಲ್ಲಿ ಇಳಿಯಲಿಲ್ಲ.

ಎರಡಕ್ಕೆ ಎರಡು ಮಾರ್ಕ್ ತೆಗೆದವನು ನಾನು. 'ಬಿಡೋದೇ ಇದರ ಗುಣ' ಅಂತ ಬರೆದವನು. ಆ ಸುರುಳಿ ಕೈಬಿಟ್ಟಾಗಲೆಲ್ಲ ಅದು ನನಗೆ ತೊಂದರೆ ಕೊಡುತ್ತಿದೆ ಅಂದುಕೊಂಡೆ. ನಮ್ಮನ್ನು ಕಾಯುವುದು ಅದರ ಕೆಲಸವಾಗಿತ್ತು. ಪಾಠ ನನ್ನ ಪುಸ್ತಕದಲ್ಲಿತ್ತು, ನನ್ನ ಕೈಗೆ ಇಳಿದಿರಲಿಲ್ಲ.

ಎಂಟು ವರ್ಷದ ಮೇಲೆ ಬ್ಯಾಂಕಿನ ಸಾಲ ತೆಗೆದು ನನ್ನದೇ ಸಣ್ಣ ಘಟಕ ಶುರು ಮಾಡಿದಾಗ, ಮೊದಲು ಕೆಲಸಕ್ಕೆ ಕರೆದದ್ದು ಅವನನ್ನು. ಬರಲು ಒಂದು ವರ್ಷ ತೆಗೆದುಕೊಂಡ. ಬಂದ. ಎಡಗೈಯಲ್ಲಿ ಬರೆಯಲು ಕಲಿತಿದ್ದ. ನಮ್ಮ ಪರೀಕ್ಷೆಯ ರಿಜಿಸ್ಟರ್ ಇವತ್ತಿಗೂ ಅವನ ಎಡಗೈ ಅಕ್ಷರದಲ್ಲೇ ಇದೆ. ಯಾವ ಪೈಪು ಯಾವತ್ತು ತಯಾರಾಯಿತು, ಎಷ್ಟು ನೀರು ಹಾಕಿದೆವು, ಪರೀಕ್ಷೆಯಲ್ಲಿ ಏನಾಯಿತು, ಎಲ್ಲ ಅದರಲ್ಲಿದೆ. ಅವನು ಬೇಡ ಅಂದ ಪೈಪನ್ನು ನಾನೂ ಲಾರಿಗೆ ಹತ್ತಿಸುವ ಹಾಗಿಲ್ಲ.

ನಮ್ಮಲ್ಲಿ ಅವನೇ ಮಾಡಿದ ಒಂದು ನಿಯಮ ಇದೆ. ಮಿಕ್ಸರಿನೊಳಗೆ ಕೈ ಹಾಕುವವನು, ಅದು ಯಾರೇ ಆಗಲಿ, ಮೊದಲು ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸನ್ನು ಕಿತ್ತು ತನ್ನ ಜೇಬಿನಲ್ಲಿ ಹಾಕಿಕೊಳ್ಳಬೇಕು. ಬೇರೆಯವರ ಕೈಗೆ ಕೊಡುವ ಹಾಗಿಲ್ಲ. ಕೆಲಸ ಮುಗಿಸಿ ಹೊರಗೆ ಬಂದು, ಅವನೇ ಫ್ಯೂಸ್ ಹಾಕಬೇಕು. ಕರೆಂಟ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಹೊಸ ಹುಡುಗರು ಮೊದಮೊದಲು ನಗುತ್ತಾರೆ. ಅವನು ಏನೂ ಹೇಳುವುದಿಲ್ಲ, ಬಲಗೈ ಮೇಜಿನ ಮೇಲೆ ಇಡುತ್ತಾನೆ. ನಗು ನಿಲ್ಲುತ್ತದೆ.

ಮಕ್ಕಳೇ, ನಿಮ್ಮಲ್ಲಿ ಕೆಲವರು ಎಂಜಿನಿಯರ್ ಆಗುತ್ತೀರಿ, ಕೆಲವರು ಐಟಿಐ ಸೇರುತ್ತೀರಿ, ಕೆಲವರು ನನ್ನ ಹಾಗೆ ನೇರ ಕೆಲಸಕ್ಕೆ ಹೋಗಬಹುದು. ಎಲ್ಲಿಗೆ ಹೋದರೂ ಒಂದಲ್ಲ ಒಂದು ಯಂತ್ರದ ಮುಂದೆ ನಿಲ್ಲುತ್ತೀರಿ. ಮನೆಯಲ್ಲಿ ಪಂಪ್‌ಸೆಟ್ಟು, ಹೊಲದಲ್ಲಿ ಒಕ್ಕಣೆ ಯಂತ್ರ. ಯಂತ್ರಕ್ಕೆ ನಿಮ್ಮ ಮೇಲೆ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ. ನೀವು ಅಳತೆ ತಪ್ಪಿದರೆ ಆ ತಪ್ಪನ್ನೂ ಅಷ್ಟೇ ಶ್ರದ್ಧೆಯಿಂದ ಕಲ್ಲು ಮಾಡಿ ಕೊಡುತ್ತದೆ. ಕಾಂಕ್ರೀಟಿಗೆ ಒಂದು ಡಬ್ಬಿ ನೀರು, ಹಿಡಿಗೆ ಒಂದು ಮೊಳ ತಂತಿ. ಎರಡೂ ಸಣ್ಣ ಅನುಕೂಲಗಳೇ. ಹನ್ನೊಂದು ಪೈಪನ್ನು ಒಡೆದು ಮತ್ತೆ ಮಾಡಬಹುದಿತ್ತು, ಮಾಡಿದೆವು. ಮೂರು ಬೆರಳನ್ನು ಮತ್ತೆ ಮಾಡಲು ಆಗಲಿಲ್ಲ.

ಗುರುಗಳಲ್ಲಿ ಒಂದು ವಿನಂತಿ. ಪ್ರಯೋಗ ತೋರಿಸುವುದನ್ನು ಬಿಡಬೇಡಿ. ಬಕೆಟ್ ತಿರುಗಿಸಿದ ನಮ್ಮ ಮೇಷ್ಟ್ರು ಈಗ ಇಲ್ಲ. ಅವರು ಬೋರ್ಡಿನ ಮೇಲೆ ಬರೆದದ್ದು ನನಗೆ ಒಂದು ಅಕ್ಷರವೂ ನೆನಪಿಲ್ಲ. ತಿರುಗಿಸಿದ ಬಕೆಟ್ ಮಾತ್ರ ಕಣ್ಣಿಗೆ ಕಟ್ಟಿದೆ. ಜೊತೆಗೆ ಇನ್ನೊಂದು ಮಾತು ಸೇರಿಸಿ. ಈ ಮೊಳೆ, ಈ ತಂತಿ ಹೊರಗಿನ ಲೋಕದಲ್ಲಿ ಎಲ್ಲಿ ಕೂತಿದೆ, ಏನು ಕೆಲಸ ಮಾಡುತ್ತಿದೆ ಅಂತ ತೋರಿಸಿ. ಅಷ್ಟು ಗೊತ್ತಿದ್ದರೆ ಅವತ್ತು ನನ್ನ ಕೈ ತಂತಿ ಕಟ್ಟಲು ಹಿಂಜರಿಯುತ್ತಿತ್ತೋ ಏನೋ.

ಅದಕ್ಕಾಗಿಯೇ ಬರುವಾಗ ಒಂದು ವಸ್ತು ತಂದಿದ್ದೇನೆ. ನಮ್ಮ ಪಂಪಿಗೆ ಹಾಕಿದ್ದ ಹಳೆಯ ಸ್ಟಾರ್ಟರ್. ತೊಳೆದು, ಮುಚ್ಚಳ ತೆಗೆದು, ಒಳಗಿನ ಸುರುಳಿ, ಸ್ಪ್ರಿಂಗು ಕಾಣುವ ಹಾಗೆ ಹಲಗೆಗೆ ಜೋಡಿಸಿಸಿದ್ದೇನೆ. ಕರೆಂಟಿನ ಸಂಪರ್ಕ ಏನೂ ಇಲ್ಲ, ಕೈಯಲ್ಲಿ ಎಳೆದು ಬಿಟ್ಟು ನೋಡಬಹುದು. ಹಲಗೆಯ ಕೆಳಗೆ ನನ್ನ ಗೆಳೆಯ ತನ್ನ ಎಡಗೈಯಲ್ಲಿ ಮೇಷ್ಟ್ರ ಮಾತನ್ನೇ ಬರೆದಿದ್ದಾನೆ: 'ಬಿಡೋದೇ ಇದರ ಗುಣ.' ಇದನ್ನು ಪ್ರಯೋಗಾಲಯದಲ್ಲಿ ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ತೂಗುಹಾಕಬೇಕು ಅಂತ ಕೇಳಿಕೊಳ್ಳುತ್ತೇನೆ. ಬೀರುವಿನೊಳಗೆ ಇಟ್ಟು ಬೀಗ ಹಾಕಬೇಡಿ.

ಇವತ್ತು ಬೆಳಿಗ್ಗೆ ನಾವಿಬ್ಬರೂ ಹಳ್ಳದ ಹತ್ತಿರ ಗಾಡಿ ನಿಲ್ಲಿಸಿ ಕೆಳಗೆ ಇಳಿದೆವು. ನಮ್ಮ ಕಾಲದ ಪೈಪುಗಳು ಹಾಗೇ ಇವೆ. ಒಳಗೆ ಬಗ್ಗಿ ಕೈ ಆಡಿಸಿ ನೋಡಿದೆ. ಬಿರುಕಿಲ್ಲ, ಕೆನೆ ಎದ್ದಿಲ್ಲ. ಯಾವ ಊರಿನ ಯಾವ ಮಿಸ್ತ್ರಿ ಮಾಡಿಸಿದ್ದೋ, ಯಾವ ಹುಡುಗ ನೀರು ಅಳೆದು ಹಾಕಿದ್ದೋ ಗೊತ್ತಿಲ್ಲ. ಅವರ ಹೆಸರು ಯಾವ ಫಲಕದಲ್ಲೂ ಇಲ್ಲ. ಅವರು ಸರಿಯಾಗಿ ಅಳೆದಿದ್ದರಿಂದ ಇಷ್ಟು ವರ್ಷ ಈ ಊರಿನ ಮಕ್ಕಳು ಮಳೆಗಾಲದಲ್ಲೂ ಶಾಲೆಗೆ ಬಂದಿದ್ದಾರೆ. ಮೇಲೆ ಮೂರು ಹುಡುಗಿಯರು ಸೈಕಲ್ಲಿನಲ್ಲಿ ಹೋಗುತ್ತಿದ್ದರು. ನಾವು ಕೆಳಗೆ ಬಗ್ಗಿ ಏನು ಹುಡುಕುತ್ತಿದ್ದೇವೆ ಅಂತ ನಿಂತು ನೋಡಿ, ನಕ್ಕು ಹೋದರು.